ಕೂಗಿನವರು ಕೇಳಿದ ತಾರೀಕು

ಆಕೆ ಅವರನ್ನು ಮೊದಲು ಕಂಡ ದಿವಸ ಅವರು ಆಕೆಯ ಗಂಡನ ಹೆಸರನ್ನು ಕೂಗುತ್ತಿದ್ದರು. ಗಂಡ ತೀರಿಕೊಂಡು ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ನ್ಯಾಯಾಲಯದ ಉದ್ದನೆಯ ಮೊಗಸಾಲೆಯಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ ಆಕೆಗೆ, ಆ ಧ್ವನಿ ಮನುಷ್ಯನ ಗಂಟಲಿನಿಂದಲೇ ಬಂದದ್ದೆಂದು ನಂಬಲು ಒಂದು ಗಳಿಗೆ ಹಿಡಿಯಿತು. ಅದು ಬಾಗಿಲಿನಿಂದ ಹೊರಟು, ಬೆಂಚುಗಳ ಮೇಲೆ ತೂಕಡಿಸುತ್ತಿದ್ದವರನ್ನೆಲ್ಲ ಸವರಿ, ಮೆಟ್ಟಿಲಿಳಿದು, ಅಂಗಳದಾಚೆ ಸೈಕಲ್ಲುಗಳು ನಿಲ್ಲುವ ಜಾಗದವರೆಗೂ ಹೋಗಿ, ಅಲ್ಲಿ ಯಾರೂ ಸಿಕ್ಕದೆ ಹಿಂದಿರುಗಿ ಬಂದಂತಿತ್ತು. ಇಂಥವನ ಮಗ ಇಂಥವನು ಎಂದು ತಂದೆಯ ಹೆಸರಿನ ಸಮೇತ, ಹಿಂದೆ ಮುಂದೆ ಗೌರವದ ಒಂದು ಅಕ್ಷರವಿಲ್ಲದೆ, ಬೋಳು ಹೆಸರು. ಒಂದು ಸಲ. ಎರಡು ಸಲ. ಮೂರನೆಯ ಕೂಗಿಗೆ ಅವರು ಎದೆ ತುಂಬ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಆಕೆ ಕಂಬ ಬಿಟ್ಟು ಮುಂದೆ ಬಂದು, "ಅವರಿಲ್ಲ" ಎಂದಳು.

"ಎಲ್ಲಿ ಹೋಗಿದಾನೆ?"

"ತೀರಿಕೊಂಡ್ರು."

ಎಳೆದುಕೊಂಡ ಉಸಿರನ್ನು ಅವರು ಮೆಲ್ಲಗೆ ಮೂಗಿನಿಂದ ಬಿಟ್ಟರು. ಮೂರನೆಯ ಕೂಗನ್ನು ಕೂಗಲಿಲ್ಲ. ಒಳಗೆ ಹೋಗಿ ಗುಮಾಸ್ತರ ಕಿವಿಯಲ್ಲಿ ಏನೋ ಹೇಳಿ, ನ್ಯಾಯಾಧೀಶರ ಮೇಜಿನತ್ತ ಬಗ್ಗಿ ಇನ್ನೇನೋ ಕೇಳಿಸಿಕೊಂಡು ಹೊರಗೆ ಬಂದು, ಆಕೆಯ ಎದುರಿಗೇ ನಿಂತರು. "ವಾರಸುದಾರಳು ನೀನೇ ತಾನೆ? ಬರೋ ತಿಂಗಳ ಮೊದಲನೇ ಸೋಮವಾರ ಬಾ. ಆವತ್ತು ನಿನ್ನ ಹೆಸರಲ್ಲೇ ಕೂಗ್ತೀನಿ. ಹೇಳು ನೋಡೋಣ, ಯಾವತ್ತು?" ಆಕೆ ಹೇಳಿದಳು. "ಇನ್ನೊಂದ್ಸಲ ಹೇಳು." ಅಕ್ಷರ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿಹೋಗುವಂಥ ಓದು ಆಕೆಯದು, ಆದ್ದರಿಂದ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಎತ್ತಿಟ್ಟುಕೊಳ್ಳುವ ಅಭ್ಯಾಸ ಆಕೆಗೆ ಮೊದಲಿನಿಂದ ಇತ್ತು. ಗಂಡ ಹೋಗಿದ್ದ, ಅವನು ನಡೆಸುತ್ತಿದ್ದ ಇಸ್ತ್ರಿ ಅಂಗಡಿಯ ಬಾಗಿಲಿಗೆ ವ್ಯಾಜ್ಯ ಹೂಡಿದ ಮಾಲೀಕನ ಬೀಗ ಬಿದ್ದಿತ್ತು, ಮುಂದೇನು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಆ ತಿಂಗಳು ಆಕೆಗೆ ಸ್ವಂತದ್ದೆಂದು ಇದ್ದದ್ದು ಆ ಒಂದು ಸೋಮವಾರ ಮಾತ್ರ.

ಅಂಗಡಿ ಕೊನೆಗೆ ಆಕೆಗೇ ಉಳಿಯಿತು. ಅಂಗಡಿ ಎಂದರೆ ಅಂಥಾದ್ದೇನಲ್ಲ, ಎರಡು ದೊಡ್ಡ ಕಟ್ಟಡಗಳ ನಡುವೆ ಯಾರೋ ಮರೆತು ಬಿಟ್ಟಂತಿದ್ದ ಒಂದು ಸಣ್ಣ ಕೋಣೆ. ಅದರಲ್ಲಿ ಒಂದು ಉದ್ದನೆಯ ಮೇಜು, ಮೇಜಿನ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಕಂಬಳಿಯ ಮೇಲೆ ಇಸ್ತ್ರಿ ಪೆಟ್ಟಿಗೆ. ಕೂಗಿನವರು, ಬೀದಿಯವರು ಅವರನ್ನು ಕರೆಯುತ್ತಿದ್ದದ್ದೇ ಹಾಗೆ, ಕೆಲಸದಿಂದ ನಿವೃತ್ತರಾದ ಮೇಲೆ ಒಂದು ದಿನ ತಮ್ಮ ಕರಿಯ ಕೋಟನ್ನು ತೋಳಿನ ಮೇಲೆ, ಮಲಗಿದ ಮಗುವನ್ನು ತರುವ ಹಾಗೆ, ತಂದು ಆ ಮೇಜಿನ ಮೇಲೆ ಇಳಿಸಿದರು. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಕೋಟು ಬರುತ್ತಿತ್ತು. ಕೂಗುವ ಕೆಲಸ ಹೋದರೂ ಕೋಟು ಹೋಗಿರಲಿಲ್ಲ. ಹಾಲು ತರುವುದಕ್ಕೂ, ಕ್ಷೌರಕ್ಕೂ, ಕೆಲಸವಿಲ್ಲದೆ ಬೀದಿಯ ತುದಿಯವರೆಗೆ ಹೋಗಿಬರುವುದಕ್ಕೂ ಅವರಿಗೆ ಅದೇ. ಕರಿಯ ಉಣ್ಣೆಯ ಮೇಲೆ ಪೆಟ್ಟಿಗೆಯನ್ನು ನೇರವಾಗಿ ಇಡುವಂತಿಲ್ಲ. ಒದ್ದೆ ಬಟ್ಟೆ ಹಾಸಿ, ಅದರ ಮೇಲಿನಿಂದ ಒತ್ತಿ, ಹಬೆ ಆರುವ ಮುನ್ನ ಎತ್ತಬೇಕು. ಹಾಗೆ ಒತ್ತುತ್ತಿದ್ದಾಗ ಎಡಭುಜದ ಮೇಲೆ ಅಂಗೈಯಗಲ ಕನ್ನಡಿಯಂತೆ ಹೊಳೆಯುವ ಒಂದು ಜಾಗ ಆಕೆಯ ಕಣ್ಣಿಗೆ ಬಿತ್ತು. ಕೂಗು ಕೂಗಿನ ನಡುವೆ ಬಾಗಿಲಿನ ಚೌಕಟ್ಟಿಗೆ ಒರಗಿ ಒರಗಿ ಸವೆದದ್ದು ಅದು.

"ವಿನೆಗರ್ ಬಟ್ಟೆ ಹಾಕಿ ಒತ್ತಿದ್ರೆ ಈ ಹೊಳಪು ಹೋಗುತ್ತೆ. ತೆಗೀಲಾ?"

"ಮುಟ್ಟಬೇಡ. ಆ ಬಾಗಿಲು ನನಗೆ ಕೊಟ್ಟಿದ್ದು ಅದೊಂದೇ."

ಅವರ ನಡಿಗೆಯೂ ಆ ಬಾಗಿಲಿನಿಂದಲೇ ಬಂದದ್ದು. ನಾಲ್ಕು ಹೆಜ್ಜೆ ಹಾಕುವರು, ನಿಲ್ಲುವರು, ಎಡಕ್ಕೂ ಬಲಕ್ಕೂ ನೋಡುವರು, ಯಾರಾದರೂ ಓಗೊಡುತ್ತಾರೇನೋ ಎಂದು ಕಿವಿಯನ್ನು ಸ್ವಲ್ಪ ಮುಂದೆ ಚಾಚುವರು, ಮತ್ತೆ ನಾಲ್ಕು ಹೆಜ್ಜೆ. ಹೊಸಬರು ಅದನ್ನು ಮೊಣಕಾಲಿನ ನೋವೆಂದು ತಿಳಿಯುತ್ತಿದ್ದರು. ಮೆಲ್ಲಗೆ ಮಾತನಾಡುವ ವಿದ್ಯೆಯನ್ನಂತೂ ಅವರು ಕಲಿಯಲೇ ಇಲ್ಲ. ಎದುರಿಗೆ ಕೂತವರೊಡನೆಯೂ, ಅವರು ಅಂಗಳದಾಚೆ ಎಲ್ಲೋ ನಿಂತಿದ್ದಾರೆ ಎನ್ನುವಂತೆ ಮಾತು. ಮದುವೆಯಾಗಿರಲಿಲ್ಲ, ತಮ್ಮನ ಮನೆಯ ಮಹಡಿಯ ಕೋಣೆಯಲ್ಲಿದ್ದರು. "ನಮ್ಮ ಭಾವನೋರು ಊಟದ ಎಲೆಗೆ ಕೂತು ಉಪ್ಪು ಕೇಳಿದ್ರೆ, ಪಕ್ಕದ ಮನೆಯವರು ತಂದುಕೊಡ್ತಾರೆ" ಎಂದು ತಮ್ಮನ ಹೆಂಡತಿ ಇಸ್ತ್ರಿ ಅಂಗಡಿಯಲ್ಲಿ ಹೇಳಿ ನಗುತ್ತಿದ್ದಳು. ಮಾತು ಶುರುಮಾಡುವ ಮೊದಲು ಎದುರಿನವರು ಹಾಜರಿದ್ದಾರೆಂದು ಖಾತ್ರಿಮಾಡಿಕೊಳ್ಳದೆ ಅವರಿಗೆ ನಾಲಿಗೆ ಏಳುತ್ತಿರಲಿಲ್ಲ. ಆಕೆ ಮೇಜಿನ ಹಿಂದೆ ಬೆವರು ಒರೆಸಿಕೊಳ್ಳುತ್ತಾ ನಿಂತಿರುವುದು ಕಣ್ಣಿಗೆ ಕಾಣುತ್ತಿದ್ದರೂ ಹೊಸ್ತಿಲಲ್ಲಿ ನಿಂತು, "ಇದ್ದೀಯೇನಮ್ಮ?" ಎನ್ನುವರು. "ಇದ್ದೀನಿ" ಎಂದು ಆಕೆ ಹೇಳಿದ ಮೇಲೆಯೇ ಒಳಗೆ ಹೆಜ್ಜೆ.

ಹೊಸತೆಂದರೆ ಅವರಿಗೆ ಆಗುತ್ತಿರಲಿಲ್ಲ. ಪುರಸಭೆಯ ಗೋಪುರದ ಗಡಿಯಾರದಿಂದ ಮುಳ್ಳುಗಳನ್ನು ತೆಗೆದು, ಕೆಂಪಗೆ ಹೊಳೆಯುವ ಅಂಕಿಗಳನ್ನು ಹಾಕಿದ ವಾರ ಅವರು ಆ ದಾರಿಯಲ್ಲೇ ಓಡಾಡಲಿಲ್ಲ. "ಮುಳ್ಳಿದ್ದಾಗ ಎಷ್ಟು ಹೋಯ್ತು, ಎಷ್ಟು ಉಳಿದಿದೆ ಎರಡೂ ಕಾಣ್ತಿತ್ತು. ಇದು ಈಗೆಷ್ಟು ಅಂತ ಮಾತ್ರ ಹೇಳುತ್ತೆ. ಈಗೆಷ್ಟು ಅನ್ನೋದು ಯಾರಿಗೆ ಬೇಕು?" ಎಂಬುದು ಅವರ ತಕರಾರು. ನ್ಯಾಯಾಲಯಕ್ಕೆ ಮೊದಲ ಸಲ ಹೆಂಗಸೊಬ್ಬರು ನ್ಯಾಯಾಧೀಶರಾಗಿ ಬಂದಾಗ, ಅವರ ಆಗಮನವನ್ನು ಸಾರುವ ಕೂಗನ್ನು ಒಂದು ವಾರ ಅರ್ಧ ಗಂಟಲಿನಲ್ಲಿ ಕೂಗಿದರಂತೆ. ಎರಡನೆಯ ವಾರ ಆ ನ್ಯಾಯಾಧೀಶರು, ಗದ್ದಲ ಮಾಡಿದ ಒಬ್ಬ ದೊಡ್ಡ ವಕೀಲರನ್ನು ಒಂದೇ ನೋಟದಲ್ಲಿ ಕೂರಿಸಿದ್ದನ್ನು ನೋಡಿದ ಮೇಲೆ ಗಂಟಲು ಪೂರ್ತಿ ತೆರೆಯಿತು; ಮುಂದೆ ಅವರು ವರ್ಗವಾಗಿ ಹೋಗುವ ದಿನ ಬಾಗಿಲಲ್ಲಿ ಕಣ್ಣೊರೆಸಿಕೊಂಡವರು ಇವರೊಬ್ಬರೇ. ಇದನ್ನು ಅವರು ತಾವಾಗಿಯೇ, ಯಾವ ನಾಚಿಕೆಯೂ ಇಲ್ಲದೆ ಹೇಳುತ್ತಿದ್ದರು. ತಪ್ಪನ್ನು ತಿದ್ದಿಕೊಳ್ಳುವುದು ಅವರ ಲೆಕ್ಕದಲ್ಲಿ ಹೊಸತನವಲ್ಲ. ಅದು ಹಳೆಯ ಪದ್ಧತಿಯೇ.

ಇಂಥವರು ಯಾವ ಪಕ್ಷಕ್ಕೆ ಮತ ಹಾಕುತ್ತಿದ್ದರೆಂದು ಹೇಳಬೇಕಾಗಿಲ್ಲ. ಇರುವುದನ್ನು ಇರುವ ಹಾಗೆ ಕಾಪಾಡುತ್ತೇವೆ ಎನ್ನುವ ಹಳೆಯ ಪಕ್ಷಕ್ಕೆ, ಮೀಸೆ ಮೂಡಿದಾಗಿನಿಂದ ಮೀಸೆ ನರೆಯುವವರೆಗೆ. ತಮ್ಮನೇ ಆ ಪಕ್ಷದ ವಾರ್ಡು ಕಾರ್ಯದರ್ಶಿ. ಇಸ್ತ್ರಿ ಅಂಗಡಿಗೆ ಒತ್ತಿಕೊಂಡಿದ್ದ ಕಟ್ಟಡವೇ ಪಕ್ಷದ ಕಚೇರಿ. ಆಕೆಯ ಪೆಟ್ಟಿಗೆಗೆ ವಿದ್ಯುತ್ತು ಬರುತ್ತಿದ್ದದ್ದೂ ಆ ಕಚೇರಿಯ ಕಿಟಕಿಯಿಂದ ಇಳಿದ ಒಂದು ತಂತಿಯಿಂದ. ಈ ಸಲ ಆ ಪಕ್ಷ ಗೆದ್ದು ಅದರ ನಾಯಕರು ಪ್ರಧಾನಿಯಾದಾಗ ಕೂಗಿನವರು ಕೋಟಿನ ಗುಂಡಿಗಳನ್ನು ಉಜ್ಜಿ ಉಜ್ಜಿ ಬೆಳಗಿಸಿಕೊಂಡು, ಬೀದಿಯಲ್ಲಿ ನಾಲ್ಕು ಹೆಜ್ಜೆಗೊಮ್ಮೆ ನಿಂತು, ಎಲ್ಲರಿಗೂ ಸುದ್ದಿ ಹೇಳಿಕೊಂಡು ಹೋದರು.

ಆ ಸರಕಾರದ ಅವಧಿ ಮುಗಿಯುತ್ತ ಬಂದಿರುವಾಗ ಒಂದು ಬೆಳಿಗ್ಗೆ ರೇಡಿಯೋದಲ್ಲಿ ಪ್ರಕಟಣೆ ಬಂತು: ದೇಶದ ಹಿತವನ್ನು ಗಮನದಲ್ಲಿಟ್ಟುಕೊಂಡು, ಬರಬೇಕಾಗಿದ್ದ ಮಹಾಚುನಾವಣೆಯನ್ನು ಸೂಕ್ತ ಸಮಯದವರೆಗೆ ಮುಂದೂಡಲಾಗಿದೆ. ಪಕ್ಷದ ಕಚೇರಿಯಲ್ಲಿ ಕುರ್ಚಿಗಳು ಸರಿದಾಡಿದವು, ಯಾರೋ ಚಪ್ಪಾಳೆ ತಟ್ಟಿದರು. ಕೂಗಿನವರು ಕೋಟಿನ ದಿವಸವಲ್ಲದಿದ್ದರೂ ಬಂದು ಅಂಗಡಿಯ ಹೊಸ್ತಿಲಲ್ಲಿ ನಿಂತರು.

"ಇದ್ದೀಯೇನಮ್ಮ?"

"ಇದ್ದೀನಿ, ಹೇಳಿ."

"ಸೂಕ್ತ ಸಮಯ ಅಂದ್ರೆ ಯಾವ ವಾರ?"

"ನನಗೇನು ಗೊತ್ತು. ನಿಮ್ಮ ತಮ್ಮನ್ನ ಕೇಳಿ."

"ಕೇಳ್ದೆ. ದೊಡ್ಡವರಿಗೆ ಗೊತ್ತಿರುತ್ತೆ ಅಂದ. ಗೊತ್ತಿದ್ರೆ ಹೇಳೋಕೇನು ಕಷ್ಟ ಅಂದೆ. ಊಟ ಆರುತ್ತೆ, ಮೊದಲು ಊಟ ಮಾಡು ಅಂದ."

"ಮುಂದಕ್ಕೆ ಹೋದ್ರೆ ನಿಮಗೇ ಒಳ್ಳೇದಲ್ವಾ? ಕೂತಿರೋರು ನಿಮ್ಮವರೇ."

"ನಮ್ಮವರು ಅಂತಲೇ ಕೇಳೋದು" ಎಂದರು ಕೂಗಿನವರು. "ಆ ಕಡೆಯವರು ಮಾಡಿದ್ರೆ ಬೈದು ಸುಮ್ಮನಾಗ್ತಿದ್ದೆ. ಅವರಿಂದ ಇನ್ನೇನು ಬಂದೀತು ಅಂತ."

ಅಂದಿನಿಂದ ಅವರಿಗೆ ಅದೊಂದೇ ಆಯಿತು. ಪ್ರಧಾನಿಯ ಮುಖ ನೋಡಿ ಒಂದು ಮಾತು ಕೇಳಬೇಕು. ಔಷಧಿ ಅಂಗಡಿಯವನು, "ಪತ್ರ ಬರೀರಿ ಯಜಮಾನ್ರೇ, ಉತ್ತರ ಬರುತ್ತೆ" ಎಂದ. "ಪತ್ರ ಬರೆದ್ರೆ ಗುಮಾಸ್ತ ಓದ್ತಾನೆ. ನಾನು ಗುಮಾಸ್ತನ್ನ ಆರಿಸಿಲ್ಲ" ಎಂದರು ಇವರು. ನಿಂತ ಜಾಗದಲ್ಲಿ ನಿಂತು ಎದುರಿನವನನ್ನು ಕರೆದು ಅವನ ಬಾಯಿಂದ ಉತ್ತರ ಪಡೆಯುವುದನ್ನು ಬದುಕಿಡೀ ಮಾಡಿದವರಿಗೆ, ಲಕೋಟೆಯೊಳಗೆ ಮಾತನ್ನು ಮಡಿಸಿಡುವುದು ಹೇಡಿತನವೆಂದೇ ತೋರುತ್ತಿತ್ತೇನೋ.

ಅವಕಾಶ ತಾನಾಗಿಯೇ ಬಂತು. ಪ್ರಧಾನಿ ಆ ಊರಿನ ಮೇಲೆ ಹಾದುಹೋಗುವಾಗ ಅತಿಥಿಗೃಹದಲ್ಲಿ ಪಕ್ಷದ ಹಳೆಯ ಹಿತೈಷಿಗಳನ್ನು ಕಂಡು ಹೋಗುವುದೆಂದು ಗೊತ್ತಾಯಿತು. ವಾರ್ಡಿನಲ್ಲಿ ಅತ್ಯಂತ ಹಳಬರು ಯಾರು ಎಂದರೆ ಕಾರ್ಯದರ್ಶಿಯ ಅಣ್ಣನೇ. ತಮ್ಮನು ಹಿಂದಿನ ದಿನವೇ ಪಾಠ ಹೇಳಿಕೊಟ್ಟಿದ್ದ: "ಅಣ್ಣ, ಹೋಗು, ಕೈ ಮುಗಿ, ಒಂದು ಒಳ್ಳೇ ಮಾತಾಡು, ಫೋಟೋ ತೆಗೀತಾರೆ, ಇಳಿದು ಬಾ. ಅಷ್ಟೇ." ಹಿಂದಿನ ಸಾಲಿನ ಕುರ್ಚಿಗಳು ಖಾಲಿ ಕಾಣಬಾರದೆಂದು ಬೀದಿಯ ಹೆಂಗಸರನ್ನು ಕರೆದುಕೊಂಡು ಹೋಗಿದ್ದರು. ಇಸ್ತ್ರಿ ಅಮ್ಮನೂ ಪೆಟ್ಟಿಗೆ ಆರಿಸಿ, ಸೆರಗು ಸರಿಮಾಡಿಕೊಂಡು ಹೋಗಿ, ಕಡೆಯ ಸಾಲಿನಲ್ಲಿ ದರ್ಜಿಯ ಹೆಂಡತಿಯ ಪಕ್ಕದಲ್ಲಿ ಕೂತಳು. ಕೂಗಿನವರ ಕೋಟನ್ನು ಆ ಬೆಳಿಗ್ಗೆ ಒತ್ತಿದವಳು ಆಕೆಯೇ ಆದ್ದರಿಂದ, ಅಷ್ಟು ದೂರದಿಂದಲೂ ಆಕೆಯ ಕಣ್ಣು ಅದರ ಹಿಂಬದಿಯ ಗೆರೆ ನೆಟ್ಟಗಿದೆಯೇ ಎಂದು ಮೊದಲು ನೋಡಿತು.

ಒಬ್ಬೊಬ್ಬರೇ ವೇದಿಕೆ ಹತ್ತಿ ಇಳಿದರು. ಕೂಗಿನವರ ಸರದಿ ಬಂದಾಗ ಪ್ರಧಾನಿ ಪಕ್ಕದ ಯಾರಿಗೋ ಕಿವಿಗೊಟ್ಟು ಆ ಕಡೆ ತಿರುಗಿದ್ದರು. "ಮಾತಾಡಿ, ಮಾತಾಡಿ" ಎಂದು ಸಹಾಯಕನೊಬ್ಬ ಅವಸರಪಡಿಸಿದ. ಇಲ್ಲಿಯೇ ಆ ಪ್ರಮಾದ ನಡೆದದ್ದು, ನ್ಯಾಯಾಲಯದ ಬಾಗಿಲಲ್ಲಿ ಜೀವಮಾನ ಕಳೆದವರಲ್ಲದೆ ಇನ್ನೊಬ್ಬರು ಮಾಡಲಾರದಂಥ ಪ್ರಮಾದ. ಹಾಜರಿಲ್ಲದವರೊಡನೆ ಮಾತು ಆರಂಭಿಸುವುದು ಅವರಿಂದಾಗದು. ಆ ಕಡೆ ತಿರುಗಿದವರು ಅವರ ಮಟ್ಟಿಗೆ ಹಾಜರಿಲ್ಲದವರೇ. ಕೂಗಿನವರು ಬಲಗೈ ಎತ್ತಿದರು, ಎದೆ ತುಂಬ ಉಸಿರು ತೆಗೆದುಕೊಂಡರು, ದೇಶದ ಪ್ರಧಾನಿಯನ್ನು ಅವರ ತಂದೆಯ ಹೆಸರಿನ ಸಮೇತ, ಶ್ರೀ ಎನ್ನದೆ, ಅವರು ಎನ್ನದೆ, ಇಂಥವನ ಮಗ ಇಂಥವನು ಎಂದು ಕೂಗಿದರು. ಯಾರೋ ಗ್ಲಾಸು ಕೆಳಗಿಟ್ಟ ಸದ್ದು ಕೇಳಿಸಿತು. ಎರಡನೆಯ ಸಲ ಕೂಗಿದರು. ತಮ್ಮನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಇಬ್ಬರು ಕಾವಲಿನವರು ಮುಂದೆ ಬಂದರು. ಅಷ್ಟರಲ್ಲಿ ಪ್ರಧಾನಿ ಈ ಕಡೆ ತಿರುಗಿ, ತಮಗೇ ತಿಳಿಯದಂತೆ ಕುರ್ಚಿಯಿಂದ ಎದ್ದು ನಿಂತು, "ಇದ್ದೇನೆ" ಎಂದರು. ಹಾಗೆ ಎದ್ದದ್ದಕ್ಕೆ ಅವರಿಗೇ ನಗು ಬಂತು. ಕೈಸನ್ನೆ ಮಾಡಿ ಕಾವಲಿನವರನ್ನು ಹಿಂದಕ್ಕೆ ಕಳಿಸಿದರು. ಫೋಟೋದವನ ಬೆಳಕು ಮಿಂಚಿತು.

"ನಾನು ಮೊದಲನೇ ಮತ ನಿಮ್ಮ ಪಕ್ಷಕ್ಕೆ ಹಾಕಿದೋನು" ಎಂದರು ಕೂಗಿನವರು. "ಮುಂದಿನದೂ ನಿಮಗೇ ಹಾಕ್ತೀನಿ, ಹಾಕೋಕೆ ಬಿಟ್ರೆ. ನಾನು ಕೋರ್ಟಿನ ಬಾಗಿಲಲ್ಲಿ ನಿಂತೋನು. ಮುಂದೂಡೋದು ತಪ್ಪಲ್ಲ. ನ್ಯಾಯಾಧೀಶರಿಗೆ ಜ್ವರ ಬಂದ್ರೂ ಮುಂದೂಡ್ತಾರೆ, ಸಾಕ್ಷಿ ಬಸ್ಸು ತಪ್ಪಿಸಿಕೊಂಡ್ರೂ ಮುಂದೂಡ್ತಾರೆ. ಆದ್ರೆ ತಾರೀಕು ಹೇಳದೆ ಮುಂದೂಡಿದ ನ್ಯಾಯಾಧೀಶರನ್ನ ನಾನು ನೋಡಿಲ್ಲ. ಒಬ್ಬ ಹೆಣ್ಣುಮಗಳು, ಗಂಡನ್ನ ಕಳಕೊಂಡು ಬಂದು ನಿಂತಿದ್ಲು. ಅವಳಿಗೆ ಕೊಡೋಕೆ ನಮ್ಮ ಹತ್ರ ನ್ಯಾಯ ಇನ್ನೂ ತಯಾರಾಗಿರಲಿಲ್ಲ. ತಾರೀಕು ಕೊಟ್ವಿ. ಅದನ್ನ ಹಿಡ್ಕೊಂಡು ಹೋದ್ಲು. ನಮಗೂ ಒಂದು ತಾರೀಕು ಕೊಡಿ. ವರ್ಷ ಬಿಟ್ಟಾದ್ರೂ ಸರಿ. ಕಾಯೋದು ನಮಗೆ ಗೊತ್ತು. ಎಲ್ಲಿವರೆಗೆ ಅಂತ ಗೊತ್ತಿಲ್ಲದೆ ನಿಂತಿರೋದಕ್ಕೆ ಕಾಯೋದು ಅನ್ನಲ್ಲ."

ಕಡೆಯ ಸಾಲಿನಲ್ಲಿ ದರ್ಜಿಯ ಹೆಂಡತಿ ಮೊಣಕೈಯಿಂದ ತಿವಿದು, "ಯಾರಂತೆ ಆ ಹೆಂಗಸು?" ಎಂದಳು. "ಯಾರೋ" ಎಂದಳು ಇಸ್ತ್ರಿ ಅಮ್ಮ, ಅಂಗೈಯಲ್ಲಿದ್ದ ಹಳೆಯ ಸುಟ್ಟ ಗಾಯದ ಗುರುತನ್ನು ನೋಡಿಕೊಳ್ಳುತ್ತಾ.

ಪ್ರಧಾನಿ ಕೆಟ್ಟವರಂತೆ ಕಾಣಲಿಲ್ಲ. ಕೇಳಿಸಿಕೊಂಡರು. ಒಂದು ಕ್ಷಣ ಏನೋ ಹೇಳುವವರಂತೆ ತುಟಿ ತೆರೆದರು ಕೂಡ. ಆಮೇಲೆ, "ಹಿರಿಯರ ಮಾತನ್ನ ಮನಸ್ಸಿನಲ್ಲಿ ಇಟ್ಕೊಳ್ತೀನಿ" ಎಂದರು.

"ಮನಸ್ಸಲ್ಲಿಟ್ಟರೆ ನಮಗೆ ಕಾಣಲ್ಲ. ಗೋಡೆ ಮೇಲೆ ಹಾಕಿಸಿ" ಎಂದರು ಕೂಗಿನವರು. ನ್ಯಾಯಾಲಯದಲ್ಲಿ ಮುಂದಿನ ತಾರೀಕುಗಳನ್ನು ಸಂಜೆ ಗೋಡೆಯ ಹಲಗೆಗೆ ಹಚ್ಚುವುದು ಕ್ರಮ.

ಗೋಡೆಯ ಮೇಲೆ ಬಂದದ್ದು ಬೇರೆ. ಎರಡು ವಾರದ ಮೇಲೆ ಆಕೆ ಅಂಗಡಿ ತೆಗೆಯಲು ಬಂದಾಗ ಪಕ್ಷದ ಕಚೇರಿಯ ಗೋಡೆಯಲ್ಲಿ ಆಳೆತ್ತರದ ಚಿತ್ರ. ಒಂದು ಕಡೆ ಎದ್ದು ನಿಂತು ನಗುತ್ತಿರುವ ಪ್ರಧಾನಿ, ಇನ್ನೊಂದು ಕಡೆ ಕರಿಯ ಕೋಟಿನ ಮುದುಕ, ಬಲಗೈ ಮೇಲೆತ್ತಿ, ಬಾಯಿ ತೆರೆದು. ನೋಡಿದವರಿಗೆ ಆಶೀರ್ವಾದವೆಂದಲ್ಲದೆ ಬೇರೆ ತೋರುವಂತಿರಲಿಲ್ಲ. ಕೆಳಗೆ ದಪ್ಪ ಅಕ್ಷರ. ಆಕೆ ಬೀಗದ ಕೈ ಹಿಡಿದುಕೊಂಡೇ ಕೂಡಿಸಿ ಕೂಡಿಸಿ ಓದಿದಳು: ಹಿರಿಯರ ಹಾರೈಕೆ ನಮ್ಮೊಂದಿಗೆ. ಚುನಾವಣೆಗೆ ಆತುರ ಬೇಡ. ತಾನೇ ತಪ್ಪು ಓದಿದೆನೇನೋ ಎಂದು ಇನ್ನೊಮ್ಮೆ ಮೊದಲಿನಿಂದ ಓದಿದಳು.

ಕೂಗಿನವರು ಬಂದು ನೋಡಿದರು. ಕೋಟನ್ನು ಮೇಜಿನ ಮೇಲೆ ಹಾಕಿ, ಬರೀ ಅಂಗಿಯಲ್ಲೇ ಪಕ್ಕದ ಕಚೇರಿಗೆ ಹೋದರು. ಬಾಗಿಲು ತೆರೆದೇ ಇತ್ತು. ಅವರ ಮಾತಿಗಂತೂ ಗೋಡೆಯ ಲೆಕ್ಕವಿಲ್ಲ.

"ಅದನ್ನ ತೆಗೆಸು."

"ಅಣ್ಣ, ಊರ ತುಂಬ ನಿನ್ನ ಮುಖ. ಯಾರಿಗೆ ಸಿಗುತ್ತೆ ಈ ಭಾಗ್ಯ?"

"ಮುಖ ನಂದು. ಮಾತು ಯಾರದ್ದು?"

ತಮ್ಮನು ಸುತ್ತ ಇದ್ದವರನ್ನು ನೋಡಿದ. ಅವನೂ ಅಣ್ಣನನ್ನು ಪ್ರೀತಿಸುತ್ತಿದ್ದವನೇ; ಆದರೆ ಮೇಲಿನಿಂದ ಬಂದ ಚಿತ್ರವನ್ನು ಇಳಿಸಿದ ಕಾರ್ಯದರ್ಶಿ ಮರುದಿನ ಕಾರ್ಯದರ್ಶಿಯಾಗಿ ಉಳಿಯುವುದಿಲ್ಲ. "ಮಾತು ಯಾರಿಗೆ ಕೇಳಿಸ್ತು ಅಲ್ಲಿ? ನಿನ್ನ ಕೈಲಿ ಮೈಕು ಇರಲಿಲ್ಲ. ಬೇಕಾದ್ರೆ ಇವರನ್ನೇ ಕೇಳು."

"ನನಗೆ ಅಷ್ಟು ಸ್ಪಷ್ಟ ಕೇಳಿಸಲಿಲ್ಲ, ಯಜಮಾನ್ರೇ" ಎಂದ ಔಷಧಿ ಅಂಗಡಿಯವನು. "ಮೇಲೆ ಫ್ಯಾನು ತಿರುಗ್ತಿತ್ತು."

"ನಾನು ಚಪ್ಪಾಳೆ ತಟ್ತಿದ್ದೆ" ಎಂದ ರಸ್ತೆ ಕಂತ್ರಾಟುದಾರ.

ನೀನು ಹೇಳಿದ್ದು ತಪ್ಪು ಎಂದಿದ್ದರೆ ಅವರು ಸಹಿಸುತ್ತಿದ್ದರು, ವಾದಕ್ಕೆ ನಿಲ್ಲುತ್ತಿದ್ದರು. ಕೇಳಿಸಲಿಲ್ಲ ಎಂಬ ಮಾತನ್ನು ಆ ಗಂಟಲಿಗೆ ಯಾರೂ ಈವರೆಗೆ ಹೇಳಿರಲಿಲ್ಲ. ಅವರು ಹೊರಗೆ ಬಂದರು. ಅವರ ಹಿಂದೆ ತಮ್ಮನೂ ಉಳಿದಿಬ್ಬರೂ ಬಂದರು. ಇಸ್ತ್ರಿ ಅಂಗಡಿಯ ಹೊಸ್ತಿಲಲ್ಲಿ ನಾಲ್ವರ ನೆರಳು ಬಿತ್ತು.

"ಇದ್ದೀಯೇನಮ್ಮ?"

"ಇದ್ದೀನಿ."

"ಆ ದಿವಸ ನೀನು ಎಲ್ಲಿ ಕೂತಿದ್ದೆ?"

"ಕಡೇ ಸಾಲಲ್ಲಿ."

"ನಾನು ಏನು ಹೇಳ್ದೆ?"

ನಾನು ತಾರೀಕು ಕೇಳಿದೆ ಅಲ್ಲವೇ ಎಂದು ಅವರು ಕೇಳಲಿಲ್ಲ. ಉತ್ತರವನ್ನು ಸಾಕ್ಷಿಯ ಬಾಯಿಗೆ ತುರುಕುವ ವಕೀಲರನ್ನು ನ್ಯಾಯಾಧೀಶರು ಗದರಿಸುವುದನ್ನು ಅವರು ಬೇಕಾದಷ್ಟು ಸಲ ನೋಡಿದ್ದರು. ಆಕೆಯ ದೃಷ್ಟಿ ಒಮ್ಮೆ ಕಿಟಕಿಯಿಂದ ಇಳಿದಿದ್ದ ತಂತಿಯ ಕಡೆಗೆ ಹೋಯಿತು. ಪೆಟ್ಟಿಗೆಯನ್ನು ಅದರ ಹಿಂಬದಿಯ ಮೇಲೆ ನೆಟ್ಟಗೆ ನಿಲ್ಲಿಸಿದಳು. ಆಮೇಲೆ, ಒಗೆದ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಕೊಡುವಂತೆ, ಮೊದಲನೇ ಮತದಿಂದ ಹಿಡಿದು, ಬಸ್ಸು ತಪ್ಪಿಸಿಕೊಂಡ ಸಾಕ್ಷಿಯನ್ನೂ ಬಿಡದೆ, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳನ್ನೂ ಬಿಡದೆ, ಗೋಡೆಯ ಮೇಲೆ ಹಾಕಿಸಿ ಎಂಬಲ್ಲಿಯವರೆಗೆ ಹೇಳಿದಳು. ಎಲ್ಲಿಯೂ ಧ್ವನಿ ಏರಿಸಲಿಲ್ಲ.

"ಇಸ್ತ್ರಿ ಅಮ್ಮನ ಸಾಕ್ಷಿ ಇಟ್ಕೊಂಡು ದೇಶ ನಡೆಸೋಕಾಗುತ್ತಾ?" ಎಂದು ತಮ್ಮ ನಕ್ಕ. ಕಂತ್ರಾಟುದಾರನೂ ನಕ್ಕ. ಔಷಧಿ ಅಂಗಡಿಯವನು ಮಾತ್ರ ತನ್ನ ಚಪ್ಪಲಿಯನ್ನು ನೋಡಿಕೊಂಡು, ಅಂಗಡಿಯಲ್ಲಿ ಗಿರಾಕಿ ಇದ್ದಾರೆಂದು ಹೊರಟುಹೋದ.

ಮರುದಿನ ತಂತಿ ಇರಲಿಲ್ಲ. ಚಿತ್ರ ಇತ್ತು. ಸಂಜೆ ಕೂಗಿನವರು ಕೋಟಿಗಾಗಿ ಬಂದವರು, ಮೇಜಿನ ಮೇಲೆ ಹಳೆಯ ಕೆಂಡದ ಪೆಟ್ಟಿಗೆಯನ್ನೂ ಆಕೆಯ ಕೈಗಂಟಿದ ಮಸಿಯನ್ನೂ ನೋಡಿ, ಇದ್ದೀಯಾ ಎಂದು ಕೇಳುವುದನ್ನೂ ಮರೆತು ನಿಂತರು.

"ತಂತಿ ಅವರದು ಅಂತ ಮೊದಲೇ ಹೇಳಬಾರದಿತ್ತಾ? ನಿನ್ನ ಕೇಳ್ತಾನೇ ಇರಲಿಲ್ಲ."

"ಅದಕ್ಕೇ ಹೇಳಲಿಲ್ಲ."

"ಕೆಂಡದಲ್ಲಿ ಕೋಟು ಸುಟ್ಟೀಯೆ."

"ನಿಮ್ಮ ಕೋಟು ಹುಟ್ಟೋಕೆ ಮುಂಚಿಂದ ಕೆಂಡದಲ್ಲಿ ಒತ್ತಿದ್ದೀನಿ. ಕೂತ್ಕೊಳ್ಳಿ, ತೋಳು ಒಂದು ಉಳಿದಿದೆ."

ಆ ಮೇಲೆ ಅವರು ದಿನಾ ಬೆಳಿಗ್ಗೆ ಆ ಚಿತ್ರದ ಕೆಳಗೆ, ಅದೇ ಕೋಟಿನಲ್ಲಿ, ನಿಲ್ಲತೊಡಗಿದರು. ಕೂಗುತ್ತಿರಲಿಲ್ಲ. ನಿಂತು ನೋಡಿದವರಿಗೆ ಮಾತ್ರ, "ಇದರಲ್ಲಿರೋನು ನಾನು. ನಾನು ಕೇಳಿದ್ದು ತಾರೀಕು" ಎನ್ನುವರು. ಕೆಲವರು ಹೌದೇ ಎಂದು ನಿಲ್ಲುವರು, ಕೆಲವರು ಮುದುಕನಿಗೆ ಅರಳುಮರಳು ಎಂದು ದಾಟಿಹೋಗುವರು. ಸುದ್ದಿ ಹರಡಿ ಎದುರುಪಕ್ಷದ ತರುಣರು ಒಂದು ದಿನ ಹಾರ ಹಿಡಿದು ಬಂದರು. ತಮ್ಮ ವೇದಿಕೆಗೆ ಬಂದು ಇದೇ ಮಾತನ್ನು ಮೈಕಿನಲ್ಲಿ ಹೇಳಿಬಿಡಿ, ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತೇವೆ ಎಂದರು.

"ನಿಮಗೆ ನಾನು ಮತ ಹಾಕಿಲ್ಲ" ಎಂದರು ಕೂಗಿನವರು. "ನಿಮ್ಮನ್ನ ಕೇಳೋಕೆ ನನಗೇನೂ ಇಲ್ಲ. ನನ್ನನ್ನ ಹೊರೋಕೆ ನಿಮಗೂ ಏನೂ ಇಲ್ಲ. ಬಿಸಿಲಾಗೋಕೆ ಮುಂಚೆ ಮನೆಗೆ ಹೋಗಿ."

"ಹಾಗಾದ್ರೆ ಇವರಿಗೇ ಹಾಕ್ತೀರಾ ತಾತ, ಇಷ್ಟಾದ್ರೂ?"

"ತಾರೀಕು ಬರಲಿ. ಆಮೇಲೆ ಯೋಚನೆ ಮಾಡ್ತೀನಿ."

ಆಕೆಗೆ ಅಂದು ಅದು ಹಟವೆಂದೇ ಕಂಡಿತು. ಹಾರ ಬಾಡಿಹೋಯಿತಲ್ಲ ಎಂದು ಒಳಗೊಳಗೇ ಮರುಗಿದಳು ಕೂಡ. ಕೆಂಡ ಊದುತ್ತಾ ಊದುತ್ತಾ ಆಮೇಲೆ ಒಂದೊಂದಾಗಿ ಅರ್ಥವಾಯಿತು. ಇದ್ದದ್ದು ಇದ್ದ ಹಾಗೆ ಇರಲಿ ಎನ್ನುವವರನ್ನು ಲೋಕ ತುಂಬ ಸುಲಭವಾಗಿ ತೂಗಿಬಿಡುತ್ತದೆ. ಎದುರಿನವರು ಅವರನ್ನು ಹಳೆಯ ಬಾಗಿಲಿನ ತುಕ್ಕು ಹಿಡಿದ ಅಗಳಿ ಎಂದು ನಗುತ್ತಾರೆ; ಸ್ವಂತದವರು ಮನೆಯ ಕಂಬವೆಂದು ಹೊಗಳಿ, ಆ ಕಂಬದ ಮೊಳೆಗೆ ತಮ್ಮ ಅಂಗಿಯನ್ನು ತೂಗುಹಾಕುತ್ತಾರೆ. ಕಂಬಕ್ಕೂ ಒಂದು ಮಾತು ಇದ್ದೀತೆಂದು ಎರಡೂ ಕಡೆಯವರು ಎಣಿಸುವುದಿಲ್ಲ. ನಂಬದವರನ್ನು ಬೀದಿಯಲ್ಲಿ ನಿಂತು ಬೈಯುವುದು ಯಾರಿಂದಲೂ ಆಗುವ ಕೆಲಸ, ಅದಕ್ಕೆ ಜೊತೆಯೂ ಸಿಗುತ್ತದೆ, ಹಾರವೂ ಸಿಗುತ್ತದೆ. ನಂಬಿದವರ ಮುಂದೆ ನಿಂತು, ನಂಬಿಕೆಯನ್ನೂ ಬಿಡದೆ, ಪ್ರಶ್ನೆಯನ್ನೂ ಬಿಡದೆ, ಉತ್ತರ ಬರುವವರೆಗೆ ಅಲ್ಲೇ ಇರುವುದು ಒಂಟಿತನದ ಕೆಲಸ. ಅದನ್ನು ಮಾಡುವವರು ಯಾವ ದೇಶದಲ್ಲಾದರೂ ಬೀದಿಗೊಬ್ಬರಾದರೂ ಇರುತ್ತಾರೆ, ಆದರೆ ಅವರದು ಗದ್ದಲದ ದನಿಯಲ್ಲವಾದ್ದರಿಂದ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಚಳಿ ಬಿದ್ದ ಮೇಲೆ ಅವರ ಎದೆಯಲ್ಲಿ ಕಫ ಕಟ್ಟಿತು. ಚಿತ್ರದ ಕೆಳಗಿನ ಜಾಗ ಖಾಲಿಯಾಯಿತು; ಬಿಸಿಲಿಗೆ ಚಿತ್ರವೂ ಅಷ್ಟರಲ್ಲಿ ಬಣ್ಣ ಬಿಟ್ಟು, ಯಾರು ಪ್ರಧಾನಿ, ಯಾರು ಮುದುಕ ಎಂದು ಹತ್ತಿರ ಹೋಗಿ ನೋಡಬೇಕಾಗಿತ್ತು. ಕೋಟು ಬಾರದೆ ಎರಡು ವಾರವಾದಾಗ ಆಕೆಯೇ ತಮ್ಮನ ಮನೆಗೆ ಹೋಗಿ ತಂದು, ಒತ್ತಿ, ಮಹಡಿಯ ಕೋಣೆಗೆ ತೆಗೆದುಕೊಂಡು ಹೋದಳು. ಸಣ್ಣ ಕೋಣೆ, ಒಂದು ಕಬ್ಬಿಣದ ಮಂಚ, ಕಿಟಕಿಯಲ್ಲಿ ನೀರಿನ ಹೂಜಿ, ಮೂಲೆಯಲ್ಲಿ ರೇಡಿಯೋ. ತಮ್ಮನು ಮಂಚದ ಅಂಚಿನಲ್ಲಿ ಕೂತು, ಔಷಧಿಯ ಚಮಚವನ್ನು ಅಣ್ಣನ ತುಟಿಗೆ ಹಿಡಿದಿದ್ದ. ಚೆಲ್ಲಿದ್ದನ್ನು ತನ್ನ ಅಂಗಿಯ ತುದಿಯಿಂದಲೇ ಒರೆಸಿದ. ಆಕೆಯನ್ನು ನೋಡಿ ಕುರ್ಚಿ ಸರಿಸಿಕೊಟ್ಟ, ಕಣ್ಣು ಮಾತ್ರ ಎತ್ತಲಿಲ್ಲ. ಆಕೆ ಕೂರಲಿಲ್ಲ. ಕೋಟನ್ನು ಕಾಣುವ ಹಾಗೆ ಎದುರಿನ ಗೂಟಕ್ಕೆ ಹಾಕಿ, ತೋಳುಗಳನ್ನು ನೆಟ್ಟಗೆ ಇಳಿಬಿಟ್ಟಳು.

ಕೂಗಿನವರು ಕಣ್ಣು ತೆರೆದರು. ಕೇಳಬೇಕಾದದ್ದನ್ನು ತಮ್ಮನನ್ನೇ ಕೇಳಬಹುದಾಗಿತ್ತು. ಅಂಥ ಸುದ್ದಿ ಆ ಬೀದಿಯಲ್ಲಿ ಯಾರಿಗಾದರೂ ಮೊದಲು ತಿಳಿಯುವುದಾದರೆ ಅವನಿಗೇ. ಆದರೆ ಚಮಚ ಹಿಡಿದ ಆ ಕೈಯನ್ನು ಒಂದು ಗಳಿಗೆ ನೋಡಿ, ಅವನ ಬಾಯಿಂದ ಇಲ್ಲ ಎನ್ನಿಸುವುದು ಬೇಡವೆಂದುಕೊಂಡರೋ ಏನೋ, ಅವನನ್ನು ದಾಟಿ ಆಕೆಯ ಕಡೆಗೆ ಮುಖ ತಿರುಗಿಸಿದರು. ಆಕೆ ಹತ್ತಿರ ಬಂದು ಬಗ್ಗಿದಳು. ಇದ್ದೀಯಾ ಎಂದು ಕೇಳಲಿಲ್ಲ, ಆಕೆ ಇದ್ದದ್ದು ಅವರಿಗೆ ಗೊತ್ತಿತ್ತು.

"ತಾರೀಕು ಹೇಳಿದ್ರೇನಮ್ಮ?" ಎಂದರು.